ಮತ ಯಾರದ್ದು ಎನ್ನುವ ಮೊದಲು ಹೆಸರು ಯಾರದ್ದು ಎಂದು ಕೇಳಿ

ಭಾರತದ ರಾಷ್ಟ್ರಪತಿಯನ್ನು ಜನರೇ ನೇರವಾಗಿ ಆರಿಸಿದರೆ ಆ ಹುದ್ದೆ ಪಕ್ಷಗಳ ಹಿಡಿತದಿಂದ ಪಾರಾಗುತ್ತದೆ ಎಂದು ಲೇಖನವೊಂದರಲ್ಲಿ ವಾದಿಸಿರುವ ಲೇಖಕರ ಮಾತನ್ನು ಒಪ್ಪಲಾರೆ. ಐರ್ಲೆಂಡಿನಲ್ಲಿ ನೇರ ಚುನಾವಣೆಯೇ ಇದೆ. ಆದರೆ ಕಣಕ್ಕಿಳಿಯಲು ಸಂಸತ್ತಿನ 20 ಸದಸ್ಯರೋ ನಾಲ್ಕು ಸ್ಥಳೀಯ ಸಂಸ್ಥೆಗಳೋ ಹೆಸರು ಸೂಚಿಸಬೇಕು. ಹಾಲಿ ಅಥವಾ ಮಾಜಿ ಅಧ್ಯಕ್ಷರು ಮಾತ್ರ ತಮ್ಮ ಹೆಸರನ್ನು ತಾವೇ ಸೂಚಿಸಿಕೊಳ್ಳಬಹುದು. 2004ರಲ್ಲಿ ಆಗಿನ ಅಧ್ಯಕ್ಷೆ ಮೇರಿ ಮೆಕಲೀಸ್ ಹಾಗೆ ನಿಂತರು. ಎದುರಾಳಿಯೇ ಇರಲಿಲ್ಲ, ಮತದಾನವೂ ನಡೆಯಲಿಲ್ಲ. ಹಕ್ಕು ಜನರದ್ದು, ಬಾಗಿಲ ಕೀಲಿ ಬಹುಪಾಲು ಪಕ್ಷಗಳದ್ದು!

ಭಾರತದಲ್ಲಿ ಮತ ಹಾಕುವವರು ಚುನಾಯಿತ ಸಂಸದರು, ಶಾಸಕರು ಎಂಬುದಷ್ಟನ್ನೇ ಲೇಖನ ದೂರುತ್ತದೆ. ಅದಕ್ಕಿಂತ ಬಿಗಿಯಾದ ನಿಯಮ ನಾಮಪತ್ರದಲ್ಲಿದೆ: 1997ರಿಂದ 50 ಸೂಚಕರು, 50 ಅನುಮೋದಕರು ಬೇಕು, ಅವರೆಲ್ಲ ಈ ಸಂಸದ-ಶಾಸಕ ಮತದಾರರೇ ಆಗಿರಬೇಕು. 1967ರಲ್ಲಿ 17 ಮಂದಿ ಸ್ಪರ್ಧಿಸಿದ್ದರು. ಅಂಥ ಹುಡುಗಾಟಕ್ಕೆ ಕಡಿವಾಣ ಬೇಕಿತ್ತು, ನಿಜ. ಆದರೆ ನೂರು ಸಹಿ ಪಕ್ಷದ ಬೆಂಬಲವಿಲ್ಲದೆ ಯಾರಿಗೆ ಸಿಗುತ್ತದೆ?

ಪರೋಕ್ಷ ಚುನಾವಣೆ ಎಂದರೆ ಪಕ್ಷದ ಅಪ್ಪಣೆ ಎಂಬುದೂ ಅರ್ಧಸತ್ಯ. ಅಧ್ಯಕ್ಷರನ್ನು ಪರೋಕ್ಷವಾಗಿಯೇ ಆರಿಸುವ ಇಟಲಿಯಲ್ಲಿ ಗುಪ್ತ ಮತದಾನದಿಂದಾಗಿ ನಾಯಕರ ಲೆಕ್ಕಾಚಾರ ಎಷ್ಟೋ ಸಲ ತಲೆಕೆಳಗಾಗಿದೆ. 1971ರಲ್ಲಿ ಜೊವಾನ್ನಿ ಲಿಯೋನೆ ಅಧ್ಯಕ್ಷರಾಗಿ ಆಯ್ಕೆಯಾದದ್ದು ಮತದಾನದ 23ನೇ ಸುತ್ತಿನಲ್ಲಿ. ಸರ್ಕಾರದ ಕೆಲಸ ಪ್ರಧಾನಿಯೇ ನಡೆಸುವಾಗ, ಕೋಟಿಗಟ್ಟಲೆ ಮತ ಪಡೆದು ಬಂದ ಅಧ್ಯಕ್ಷರು ಯಾವ ಭರವಸೆಯನ್ನು ಈಡೇರಿಸಬೇಕು ಎಂಬುದನ್ನಾದರೂ ಲೇಖಕರು ಹೇಳಬಹುದಿತ್ತು.