ಹಳೇ ಆಡಿ ಟಿಟಿಯೋ, ಹೊಸ ಬಲೆನೊವೋ?

ಹೊಸ ಮಾರುತಿ ಬಲೆನೊಗೆ ಎತ್ತಿಟ್ಟ ದುಡ್ಡಿಗೆ ಇನ್ನಷ್ಟು ಸೇರಿಸಿದರೆ ಆಡಿ ಕಂಪನಿಯ ಎರಡು ಬಾಗಿಲಿನ ಸ್ಪೋರ್ಟ್ಸ್ ಕಾರು ಟಿಟಿ ಸೆಕೆಂಡ್ ಹ್ಯಾಂಡಲ್ಲಿ ಬರುತ್ತಲ್ಲ ಅಂತ ಚಿಕ್ಕಮಗಳೂರು, ಹಾಸನದ ಕಡೆ ಹುಡುಗರು ಕೇಳುತ್ತಾರೆ. ಬರಬಹುದು. ಆದರೆ ಕೊಂಡ ರೇಟು ಬೇರೆ, ಸಾಕುವ ಖರ್ಚು ಬೇರೆ.

ಓಡಿಸುವ ಸುಖದಲ್ಲಿ ಹೋಲಿಕೆಯೇ ಇಲ್ಲ. ಎರಡನೇ ತಲೆಮಾರಿನ ಟಿಟಿಯ 2.0 ಟರ್ಬೊ ಎಂಜಿನ್ 200 ಪಿಎಸ್ ಶಕ್ತಿ, 280 ಎನ್‌ಎಂ ಎಳೆತ (ಟಾರ್ಕ್) ಕೊಡುತ್ತೆ. ಬಲೆನೊದ್ದು 90 ಪಿಎಸ್, 113 ಎನ್‌ಎಂ. ಕೈಮರದಿಂದ ಮುಳ್ಳಯ್ಯನಗಿರಿ ಕಡೆ ಏರುವಾಗ ತುಂಬಿದ ಬಲೆನೊ ಎರಡನೇ ಗೇರು ಕೇಳುತ್ತೆ, ಟಿಟಿ ಸುಮ್ಮನೆ ಎಳೆಯುತ್ತೆ. ಆದರೆ ಮಳೆಗಾಲದಲ್ಲಿ ಗುಂಡಿ ಬಿದ್ದ ರಸ್ತೆಯಲ್ಲಿ ಆ ಶಕ್ತಿ ಬಳಸೋಕೇ ಆಗಲ್ಲ. ಹಂಪ್ ಬಂದಾಗ ಓರೆಯಾಗಿ ಹತ್ತಿಸದಿದ್ದರೆ ಟಿಟಿಯ ಮುಂದಿನ ಬಂಪರ್ ತಳ ಉಜ್ಜುತ್ತೆ.

ಕೊಳ್ಳುವ ಮುಂಚೆ ಯಾವ ಎಂಜಿನ್ ಅಂತ ತಿಳಿದುಕೊಳ್ಳಿ. 200 ಪಿಎಸ್‌ನ ಹಳೇ ಎಂಜಿನ್ನಿಗೆ ಟೈಮಿಂಗ್ ಬೆಲ್ಟ್. ಅದರ ಹೈ ಪ್ರೆಶರ್ ಪೆಟ್ರೋಲ್ ಪಂಪಿಗೂ ವಾಲ್ವ್ ತೆರೆಯುವ ದಂಡ, ಅಂದರೆ ಕ್ಯಾಮ್‌ಶಾಫ್ಟಿಗೂ ನಡುವೆ ಕ್ಯಾಮ್ ಫಾಲೋವರ್ ಅನ್ನೋ ಪುಟ್ಟ ಬಟ್ಟಲು ಇರುತ್ತೆ. ಅದು ಸವೆದು ತೂತಾದರೆ ಕ್ಯಾಮ್‌ಶಾಫ್ಟೇ ಹಾಳು. ಪಂಪಿನ ಮೂರು ಬೋಲ್ಟ್ ಬಿಚ್ಚಿದರೆ ಕೈಗೆ ಸಿಗುತ್ತೆ, ಬಿಚ್ಚಿಸಿ ನೋಡದೆ ಅಡ್ವಾನ್ಸ್ ಕೊಡಬೇಡಿ. ಆಮೇಲೆ ಬಂದ 211 ಪಿಎಸ್ ಎಂಜಿನ್ನಿಗೆ ಬೆಲ್ಟಿನ ಬದಲು ಚೈನು. ರಾತ್ರಿಯಿಡೀ ನಿಂತ ಗಾಡಿ ಬೆಳಿಗ್ಗೆ ಸ್ಟಾರ್ಟ್ ಆಗುವಾಗ ಗರಗರ ಸದ್ದು ಬಂದರೆ ಚೈನ್ ಟೆನ್ಷನರ್ ಸೋತಿದೆ. ಇದೇ ಎಂಜಿನ್ನಿನ ಪಿಸ್ಟನ್ ರಿಂಗ್‌ಗಳು ಆಯಿಲ್ ಕುಡಿಯುತ್ತವೆ, 1000 ಕಿ.ಮೀ.ಗೆ ಅರ್ಧ ಲೀಟರಿಗಿಂತ ಜಾಸ್ತಿ ಕುಡಿದರೆ ಎಂಜಿನ್ ಇಳಿಸುವ ಕೆಲಸ. ಎಸ್ ಟ್ರಾನಿಕ್ ಅನ್ನೋ ಎರಡು ಕ್ಲಚ್ಚಿನ ಆಟೋಮ್ಯಾಟಿಕ್ ಗೇರ್‌ಬಾಕ್ಸಿಗೆ ಪ್ರತಿ 60,000 ಕಿ.ಮೀ.ಗೆ ಆಯಿಲ್, ಫಿಲ್ಟರ್ ಬದಲಾಯಿಸಿದ ಬಿಲ್ ಕೇಳಿ.

ಬಾಡಿ ನೋಡುವಾಗ ಆಯಸ್ಕಾಂತ ಹಿಡಿದು ಪುಟ್ಟಿ ಹುಡುಕಬೇಡಿ. ಟಿಟಿಯ ಬಾಡಿಯಲ್ಲಿ ಹೆಚ್ಚು ಪಾಲು ಅಲ್ಯುಮಿನಿಯಂ, ಅಲ್ಲಿ ಅದು ಅಂಟುವುದೇ ಇಲ್ಲ. ಅಲ್ಯುಮಿನಿಯಂ ಅಳೆಯುವ ಪೇಂಟ್ ಮೀಟರೇ ಬೇಕು. ಡೆಂಟ್ ಆದರೆ ಊರಿನ ಮಾಮೂಲಿ ಟಿಂಕರಿಂಗ್ ಶಾಪಿನಲ್ಲಿ ಆಗುವ ಕೆಲಸವೂ ಅಲ್ಲ. ಬಲೆನೊಗೆ ಇಂಥ ತಲೆನೋವಿಲ್ಲ. ಸ್ಪೇರ್ ಪಾರ್ಟ್ ಹಾಸನದಲ್ಲೇ ಸಿಗುತ್ತೆ.

ಮಲೆನಾಡಿನಲ್ಲಿ ಟಿಟಿಗೆ ಇನ್ನೊಂದು ಶತ್ರು, ನಿಲ್ಲಿಸಿಡೋದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಶೆಡ್ಡಿನಲ್ಲಿಟ್ಟರೆ ಲೆದರ್ ಸೀಟಿಗೆ ಬೂಸ್ಟು, ಡಿಸ್ಕಿಗೆ ತುಕ್ಕು, ವೈರಿಗೆ ಇಲಿ. ಹ್ಯಾಂಡ್‌ಬ್ರೇಕ್ ಹಾಕಿಟ್ಟರೆ ಪ್ಯಾಡ್ ಅಂಟಿಕೊಳ್ಳುತ್ತೆ, ಗೇರ್ ಲಿವರನ್ನ ಪಾರ್ಕ್ (P) ನಲ್ಲಿಟ್ಟು ಚಕ್ರಕ್ಕೆ ಕಲ್ಲು ಕೊಡಿ. 20 ಪರ್ಸೆಂಟ್ ಎಥನಾಲ್ ಇರುವ ಈಗಿನ ಪೆಟ್ರೋಲು ತೇವ ಹೀರುತ್ತೆ. ಹಳೇ ಹೋಸು, ಸೀಲುಗಳನ್ನ ಅದಕ್ಕಂತ ಮಾಡಿಲ್ಲ. ವಾರಕ್ಕೊಮ್ಮೆ ಎಂಜಿನ್ ಪೂರ್ತಿ ಬಿಸಿಯಾಗುವಷ್ಟು ಓಡಿಸಿ.

ಮನೆಗೆ ಒಂದೇ ಕಾರು ಅಂದರೆ ಬಲೆನೊನೇ ತಗೊಳ್ಳಿ. ಟಿಟಿಯ ಹಿಂದಿನ ಸೀಟಲ್ಲಿ ಅಪ್ಪ ಅಮ್ಮನ ತಲೆ ಗಾಜಿಗೆ ತಾಗುತ್ತೆ. ಎರಡನೇ ಕಾರಾದರೆ, ರಿಪೇರಿಗೆ ಬೇರೆ ದುಡ್ಡು ಇಟ್ಟುಕೊಂಡು ಧೈರ್ಯವಾಗಿ ಟಿಟಿ ತನ್ನಿ. ಅಂಥ ಸ್ಟೀರಿಂಗ್ ಯಾವ ಹ್ಯಾಚ್‌ಬ್ಯಾಕಲ್ಲೂ ಸಿಗಲ್ಲ. ಬೇರೆ ರಾಜ್ಯದ ಗಾಡಿಯಾದರೆ ಎನ್‌ಒಸಿ ಜೊತೆಗೆ ಇಲ್ಲಿನ ಲೈಫ್ ಟ್ಯಾಕ್ಸನ್ನೂ ಲೆಕ್ಕಕ್ಕೆ ಹಿಡಿಯಿರಿ. 15 ವರ್ಷ ತುಂಬಿದ್ದರೆ ಫಾರಂ 25 ಹಾಕಿ ಆರ್‌ಸಿ ನವೀಕರಿಸಬೇಕು. ಆ ಕೆಲಸವನ್ನ ಮಾರುವವರ ಹತ್ತಿರವೇ ಮುಗಿಸಿಕೊಂಡು ದುಡ್ಡು ಕೊಡಿ.