ಹತ್ತು ಲಕ್ಷ ಸಾಲುಗಳಿಗೆ ಎಷ್ಟು ಗೇಟ್ ಪಾಸ್?

ಕೋಲಾರದ ಎಪಿಎಂಸಿಯಲ್ಲಿ ಟೊಮೆಟೊ ಮಂಡಿ ಇಟ್ಟಿರುವ ನಮ್ಮ ಚಿಕ್ಕಪ್ಪನವರು ಹತ್ತು ವರ್ಷಗಳ ಹರಾಜಿನ ಲೆಕ್ಕವನ್ನು ಪೆನ್‌ಡ್ರೈವಿನಲ್ಲಿ ಕೊಟ್ಟು, ಇದೆಲ್ಲ ಒಂದೇ ಕಡೆ ಹುಡುಕಲು ಸಿಗುವಂತೆ ಮಾಡು ಎಂದರು. ರೈತರ ಹೆಸರು, ಹದಿನೈದು ಕೆಜಿ ಬಾಕ್ಸುಗಳ ಸಂಖ್ಯೆ, ಕೂಗಿದ ದರ, ಹೀಗೆ ಸುಮಾರು 10 ಲಕ್ಷ ಸಾಲುಗಳು. ಸುಮ್ಮನೆ ತುಂಬಿಕೊಟ್ಟಿದ್ದರೆ ಮುಗಿಯುತ್ತಿತ್ತು. ಆದರೆ ಯಾವ ಡೇಟಾಬೇಸ್ ವೇಗವಾಗಿ ತುಂಬುತ್ತದೆ ಎಂದು ಪರೀಕ್ಷೆ ನಡೆಸುವ ಚಪಲ ನನಗೆ.

ಎಸ್‌ಕ್ಯೂಲೈಟ್ ಎಂಬ ಡೇಟಾಬೇಸಿಗೆ ಒಂದೊಂದೇ ಸಾಲನ್ನು ಇನ್ಸರ್ಟ್ ಎಂಬ ಆದೇಶದಿಂದ ಸೇರಿಸಿದೆ. ಪೋಸ್ಟ್‌ಗ್ರೆಸ್ ಎಂಬ ಇನ್ನೊಂದಕ್ಕೆ ಮಾತ್ರ ಕಾಪಿ ಎಂಬ ಆದೇಶದಿಂದ ಇಡೀ ಕಡತವನ್ನು ಒಮ್ಮೆಗೇ ಸುರಿದೆ. ಎರಡನೆಯದು ಚಹಾ ಆರುವುದರೊಳಗೆ ಮುಗಿಯಿತು. ಬೆಳಿಗ್ಗೆ ಹರಾಜು ಶುರುವಾಗುವಾಗ ಹೊರಟಿದ್ದ ಮೊದಲನೆಯದು, ಹಮಾಲರು ಊಟ ಮುಗಿಸಿ ಖಾಲಿ ಬಾಕ್ಸುಗಳ ಮೇಲೆ ಒರಗಿದಾಗಲೂ ತೆವಳುತ್ತಿತ್ತು. ಎಸ್‌ಕ್ಯೂಲೈಟ್ ಶುದ್ಧ ಸೋಮಾರಿ ಎಂದು ನಾನು ತೀರ್ಪು ಕೊಟ್ಟೆ.

ತಪ್ಪು ನನ್ನದೇ ಎಂಬುದು ಸಂಜೆಗೆ ತಿಳಿಯಿತು. ವಹಿವಾಟು ಶುರು ಎಂದು ಸಾರುವ ಬಿಗಿನ್ ಆದೇಶ ಕೊಡದೆ ಕಳುಹಿಸಿದ ಪ್ರತಿ ಇನ್ಸರ್ಟನ್ನೂ ಎಸ್‌ಕ್ಯೂಲೈಟ್ ಒಂದು ಪೂರ್ಣ ವಹಿವಾಟೆಂದು ಬಗೆದು, ಅದು ಡಿಸ್ಕಿನ ಮೇಲೆ ಭದ್ರವಾಗಿ ಕುಳಿತಿತೆಂದು ಖಾತ್ರಿಯಾದ ಮೇಲೆಯೇ ಮುಂದಿನದಕ್ಕೆ ಕೈ ಹಾಕುತ್ತದೆ. ನಿಮಿಷಕ್ಕೆ 7200 ಸುತ್ತು ತಿರುಗುವ ಮಂಡಿಯ ಹಳೆಯ ಹಾರ್ಡ್‌ಡಿಸ್ಕಿನಲ್ಲಿ ಇಂಥವು ಸೆಕೆಂಡಿಗೆ 60ರಷ್ಟು ಮಾತ್ರ ಸಾಧ್ಯ. ಆ ಲೆಕ್ಕದಲ್ಲಿ 10 ಲಕ್ಷಕ್ಕೆ ನಾಲ್ಕೂವರೆ ಗಂಟೆಗೂ ಮೇಲೆ. ಸಾಧಾರಣ ಕಂಪ್ಯೂಟರಿನಲ್ಲಿ ಸೆಕೆಂಡಿಗೆ 50,000 ಇನ್ಸರ್ಟ್ ಸಲೀಸು ಎಂದು ಎಸ್‌ಕ್ಯೂಲೈಟಿನವರೇ ಬರೆದಿದ್ದಾರೆ, ಎಲ್ಲವನ್ನೂ ಒಂದೇ ವಹಿವಾಟಿನಲ್ಲಿ ಕಟ್ಟಿದರೆ. ಇದನ್ನು ವಿವರಿಸಿದಾಗ ಚಿಕ್ಕಪ್ಪನವರು ಕನ್ನಡಕ ತೆಗೆದು, "ಅಂದರೆ ಒಂದೊಂದು ಬಾಕ್ಸಿಗೂ ಒಂದೊಂದು ಗೇಟ್ ಪಾಸ್ ಬರೆಸಿ ಲಾರಿ ತುಂಬಿಸಿದೆಯೇನೋ?" ಎಂದರು.

ಮರುದಿನ ಮೊದಲಿಗೊಂದು ಬಿಗಿನ್, ವಹಿವಾಟು ಮುಗಿಯಿತೆನ್ನಲು ಕೊನೆಗೊಂದು ಕಮಿಟ್ ಹಾಕಿ, ಬೇಗ ಹುಡುಕಲು ನೆರವಾಗುವ ಇಂಡೆಕ್ಸುಗಳನ್ನು ಕಟ್ಟುವ ಕೆಲಸವನ್ನು ಸಾಲುಗಳು ತುಂಬಿದ ನಂತರಕ್ಕೆ ಬಿಟ್ಟೆ. ಒಂದು ನಿಮಿಷವೂ ಹಿಡಿಯಲಿಲ್ಲ. ಅಲ್ಲಿಗಾದರೂ ನಿಲ್ಲಿಸಬೇಕಿತ್ತು. ಇನ್ನೆರಡು ಸೆಕೆಂಡು ಉಳಿಸುವ ಆಸೆಗೆ ಸಿಂಕ್ರೊನಸ್ ಎಂಬ ಸೆಟ್ಟಿಂಗನ್ನು ಆಫ್ ಮಾಡಿ ಮತ್ತೆ ಮೊದಲಿನಿಂದ ತುಂಬತೊಡಗಿದೆ. ಡಿಸ್ಕಿಗೆ ತಲುಪಿತೋ ಇಲ್ಲವೋ ಎಂದು ಕಾಯಬೇಡ, ಮುಂದೆ ನಡೆ ಎಂಬುದು ಅದರ ಅರ್ಥ; ನಡುವೆ ಕರೆಂಟು ಹೋದರೆ ಕಡತವೇ ಕೆಡಬಹುದೆಂಬ ಎಚ್ಚರಿಕೆಯನ್ನು ಓದಿಯೂ ಇದ್ದೆ. ಯುಪಿಎಸ್ ಇದೆಯಲ್ಲ ಎಂಬ ಧೈರ್ಯ.

ಕರೆಂಟು ಹೋಯಿತು. ತೂಕದ ಯಂತ್ರ ಮಾತ್ರ ಹಸಿರು ಅಂಕಿಗಳನ್ನು ತೋರಿಸುತ್ತ ನೆಮ್ಮದಿಯಾಗಿತ್ತು, ಏಕೆಂದರೆ ಯುಪಿಎಸ್ಸನ್ನು ಯಾರೋ ಹಿಂದಿನ ದಿನವೇ ಅದಕ್ಕೆ ಚುಚ್ಚಿದ್ದರು. ಕರೆಂಟು ಮರಳಿದ ಮೇಲೆ ಡೇಟಾಬೇಸ್ ತೆರೆದರೆ, ಪರದೆಯ ಮೇಲೆ "ಡಿಸ್ಕ್ ಇಮೇಜ್ ಈಸ್ ಮಾಲ್‌ಫಾರ್ಮ್ಡ್" ಎಂಬ ಸಾಲು; ಕಡತ ಕೆಟ್ಟಿತ್ತು. ನಾನು ಅದನ್ನು ಗಟ್ಟಿಯಾಗಿ ಓದಿದೆ. ಪಟ್ಟಿ ಬರೆಯುತ್ತಿದ್ದ ಚಿಕ್ಕಪ್ಪನವರು ತಲೆಯೆತ್ತದೆಯೇ ಕೇಳಿದರು: "ಯಾರ ಫಾರ್ಮಿನ ಮಾಲೋ? ಎಷ್ಟು ಬಾಕ್ಸು?"