ಬಸ್ಸು ಹೇಗೆ ಬಿತ್ತು ಅಂತ ಅವಳನ್ನು ಕೇಳಬೇಡಿ

ನಿನ್ನೆ ಚಿಕ್ಕಪ್ಪನ ಮನೆಯಲ್ಲಿ ಕಂಡದ್ದಕ್ಕೆ ಇನ್ನೂ ಮೈ ಉರಿಯುತ್ತಿದೆ. ನರಸಾಪುರಕ್ಕೆ ಕೆಲಸಕ್ಕೆ ಹೋಗುತ್ತಿದ್ದ ನಮ್ಮ ಹುಡುಗಿಯ ಬಸ್ಸು ಪಲ್ಟಿಯಾಗಿದ್ದು ನಿಮಗೆಲ್ಲ ಗೊತ್ತು. ಮೂಳೆ ಕೂಡಿದೆ, ಹೊಲಿಗೆ ಬಿಚ್ಚಿಯಾಗಿದೆ. ಆದರೆ ನೋಡಲು ಬಂದವರೆಲ್ಲ ಕಾಫಿ ಲೋಟ ಹಿಡಿದು ಕೇಳುವುದು ಒಂದೇ: "ಹೆಂಗಾಯ್ತಮ್ಮ? ಮೊದಲಿಂದ ಹೇಳು."

ದೊಡ್ಡವರು ಕೇಳಿದರೆ ಹೇಳದೆ ಇರಲಾಗುತ್ತಾ? ಹೇಳುತ್ತಾಳೆ. ನಾನು ಅವಳ ಪಾದ ನೋಡುತ್ತಿದ್ದೆ. ಕಾಲ್ಬೆರಳು ಮಡಚಿ ಚಾಪೆ ಹಿಡಿದಿದ್ದವು, ಭುಜ ಕಿವಿಯ ಹತ್ತಿರಕ್ಕೆ ಏರಿತ್ತು. ಹೊರಗೆ ಲಾರಿಯೊಂದು ಬ್ರೇಕ್ ಹಾಕಿ ಉಸ್ಸೆಂದಾಗ ಮಾತೇ ನಿಂತುಹೋಯಿತು. ಮುಟ್ಟಿದರೆ ಕೈ ತಣ್ಣಗೆ. ಎದುರಿಗೆ ಕೂತವರು, "ಹ್ಞೂಂ, ಆಮೇಲೆ?"

ಆಮೇಲೆ ಏನ್ರೀ? ಮೈ ನಡುಗುತ್ತಿರುವುದು ಕಣ್ಣಿಗೆ ಕಾಣಲ್ವಾ?

ಅಪಾಯ ಬಂದಾಗ ಎದುರಿಸುವುದು, ಓಡುವುದು, ಎರಡೂ ಆಗದಿದ್ದರೆ ಮರಗಟ್ಟುವುದು, ಇವೆಲ್ಲ ನಮ್ಮನ್ನು ಕೇಳಿ ನಡೆಯುವುದಿಲ್ಲ, ದೇಹವೇ ಮಾಡಿಬಿಡುತ್ತದೆ. ಸೀಟುಗಳ ಮಧ್ಯೆ ಸಿಕ್ಕಿಕೊಂಡವಳು ಓಡುವುದೆಲ್ಲಿಗೆ? ಓಡಲಾಗದೆ ಉಳಿದ ಆ ಬಿಗಿತ ಮೈಯಲ್ಲೇ ಕೂತಿರುತ್ತದೆ ಅನ್ನುವುದು ಅಮೆರಿಕದ ಚಿಕಿತ್ಸಕ ಪೀಟರ್ ಲೆವಿನ್ ವಾದ. 1970ರ ದಶಕದಿಂದ ಅವರು ಬೆಳೆಸಿದ ಸೊಮ್ಯಾಟಿಕ್ ಎಕ್ಸ್‌ಪೀರಿಯೆನ್ಸಿಂಗ್ ಚಿಕಿತ್ಸೆಯಲ್ಲಿ ಕಥೆ ಹೇಳಿಸುವ ಆತುರವಿಲ್ಲ. ಪಾದ ನೆಲಕ್ಕೆ ತಾಗಿದೆಯಾ, ಎಲ್ಲಿ ಬಿಗಿಯಾಗಿದೆ, ಉಸಿರು ಎಲ್ಲಿ ನಿಂತಿದೆ, ಅಲ್ಲಿಂದ ಶುರು. ನೋವನ್ನು ಒಂಚೂರು ಮುಟ್ಟುವುದು, ಮೈಯಲ್ಲಿ ಹಾಯಾಗಿರುವ ಜಾಗಕ್ಕೆ ವಾಪಸ್ ಬರುವುದು, ಮತ್ತೆ ಒಂಚೂರು. ಎಷ್ಟು ಸಾಕು ಅಂತ ತೀರ್ಮಾನಿಸುವುದು ಅವಳ ಮೈ, ನಮ್ಮ ಕುತೂಹಲ ಅಲ್ಲ.

ನಮ್ಮ ತಾತ ಕೆಜಿಎಫ್ ಗಣಿಯಲ್ಲಿ ದುಡಿದವರು. ಒಳಗೆ ಬಂಡೆ ಸಿಡಿದರೆ ಮೇಲಿನ ಮನೆಗಳೂ ಅದುರುತ್ತಿದ್ದ ಊರು ಅದು. 2001ರಲ್ಲಿ ಗಣಿ ಮುಚ್ಚಿದ ಮೇಲೂ, ಪಾತ್ರೆ ಬಿದ್ದ ಸದ್ದಿಗೆ ತಾತ ಬಾಗಿಲಿಗೆ ಓಡುವುದು ನಿಲ್ಲಲಿಲ್ಲ. ಬೀದಿಯವರು ಪುಕ್ಕಲ ಅಂದರು. ಜೀವಮಾನವೆಲ್ಲ ಭೂಮಿಯೊಳಗೆ ಇಳಿದು ಹತ್ತಿದವರು ಪುಕ್ಕಲರಾ?

"ಹೇಳಿಕೊಂಡರೆ ಮನಸ್ಸು ಹಗುರಾಗುತ್ತೆ" ಅಂತ ಅತ್ತೆ ನನಗೇ ಬುದ್ಧಿ ಹೇಳಿದರು. ಹಗುರಾಗುತ್ತೆ ಅತ್ತೆ, ತಾನಾಗಿ, ತನಗೆ ಬೇಕಾದವರ ಹತ್ತಿರ ಹೇಳಿಕೊಂಡರೆ. ಅಪಘಾತವಾದ ಕೂಡಲೇ ಒಂದು ಸಲ ಕೂರಿಸಿ ಎಲ್ಲವನ್ನೂ ಹೇಳಿಸುವ ಪದ್ಧತಿಯಿಂದ ಮುಂದಿನ ತೊಂದರೆ ತಪ್ಪುವುದಿಲ್ಲ, ಕೆಲವರಿಗೆ ಹೆಚ್ಚೂ ಆಗಬಹುದು ಅಂತ ಹಲವು ಪ್ರಯೋಗಗಳನ್ನು ಒಟ್ಟಿಗೆ ತೂಗಿ ನೋಡಿದ 2002ರ ಕಾಕ್ರೇನ್ ಪರಾಮರ್ಶೆಯೇ ಹೇಳಿದೆ. ಲೆವಿನ್ ಚಿಕಿತ್ಸೆಗೆ ಪುರಾವೆ ಇನ್ನೂ ಕಮ್ಮಿ ಅನ್ನುವವರೂ ಇದ್ದಾರೆ, ನಿಜ. 2017ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಗುಣ ಕಂಡರೂ ಅದರಲ್ಲಿದ್ದವರು 63 ಜನ ಮಾತ್ರ. ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲಿ ಶಿಫಾರಸು ಮಾಡಿದ್ದು ಟ್ರಾಮಾಗೆಂದೇ, ಅಂದರೆ ಇಂಥ ಆಘಾತಕ್ಕೆಂದೇ ಇರುವ ಸಿಬಿಟಿ (ಯೋಚನೆ, ನಡವಳಿಕೆ ಬದಲಿಸಲು ನೆರವಾಗುವ ಮಾತಿನ ಚಿಕಿತ್ಸೆ) ಮತ್ತು ಇಎಂಡಿಆರ್ (ಕಣ್ಣು ಅತ್ತಿತ್ತ ಆಡಿಸುತ್ತಾ ನೆನಪನ್ನು ಮುಟ್ಟುವ ಚಿಕಿತ್ಸೆ). ಅದಾದರೂ ಸರಿ, ಅವಳಿಗೆ ಒಗ್ಗಲಿ. ಅಲ್ಲೂ ನೆನಪನ್ನು ಮುಟ್ಟಿಸುವವರು ತರಬೇತಿ ಪಡೆದವರು. ಕಾಫಿ ಕುಡಿಯಲು ಬಂದವರಲ್ಲ.

ಭಾನುವಾರ ಮುಳಬಾಗಿಲಿನಿಂದ ಬರುವವರಿಗೆ ಈಗಲೇ ಹೇಳುತ್ತಿದ್ದೇನೆ. ಬನ್ನಿ, ಊಟ ಮಾಡಿ, ಟೊಮ್ಯಾಟೊ ರೇಟು ಮಾತಾಡಿ. ಅವಳೇ ಶುರು ಮಾಡಿದರೆ ಕೇಳಿ, ನಿಲ್ಲಿಸಿದರೆ ಕೆದಕಬೇಡಿ. ರಾತ್ರಿ ನಿದ್ದೆ ಬಾರದಿದ್ದರೆ ಫೋನ್ ಮಾಡಲಿ ಅಂತ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ನಂಬರನ್ನು ಅವಳ ಮೊಬೈಲ್‌ಗೆ ಹಾಕಿಕೊಟ್ಟಿದ್ದೇನೆ. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಕೋಲಾರದಲ್ಲಿ ಇಂಥ ಚಿಕಿತ್ಸೆ ಕೊಡುವ ತರಬೇತಿ ಪಡೆದವರು ಯಾರಾದರೂ ಗೊತ್ತಿದ್ದರೆ ದಯವಿಟ್ಟು ಇನ್‌ಬಾಕ್ಸ್ ಮಾಡಿ. ಬಸ್ಸಂತೂ ಅವಳು ಹತ್ತಲ್ಲ. ಬೆಂಗಳೂರಿಗೇ ಹೋಗಬೇಕಾದರೆ ಬಂಗಾರಪೇಟೆಯಿಂದ ರೈಲಲ್ಲಿ ನಾನೇ ಕರೆದುಕೊಂಡು ಹೋಗುತ್ತೇನೆ.